ವಾಂಟ್ ಹಾಫ್ ಮಹಾಶಯರ ಕಾಗದದ ಅಣುಗಳು

ರಸಾಯನಶಾಸ್ತ್ರದ ನೋಬೆಲ್ ಪಾರಿತೋಷಕವನ್ನು 1901ರಲ್ಲಿ ಪ್ರಪ್ರಥಮವಾಗಿ ಪಡೆದ ಯಾಕೋಬಸ್ ಹೆನ್ರಿಕಸ್ ವಾಂಟ್ ಹಾಫ್ ಮಹಾಶಯರ ಹೆಸರನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಬಲ್ಲರು. ಆದರೆ ಅವರು ಯೌವನದಲ್ಲಿ ಆಟಿಕೆಗಳಂತಹ ಕಾಗದದ ಆಕೃತಿಗಳನ್ನು ಮಾಡಿ ಪಂಡಿತರಿಗೆ ಹಂಚಿದ ವೃತ್ತಾಂತವನ್ನು ಬಲ್ಲವರು ವಿರಳ. ಅದನ್ನು ಇಲ್ಲಿ ಸಂಕ್ಷೇಪವಾಗಿ ಹೇಳಬಯಸುತ್ತೇವೆ.

ಇವರು 1852ನೆಯ ಇಸವಿ ಆಗಸ್ಟ್ 30ರಂದು ಹಾಲೆಂಡ್ ದೇಶದ ರಾಟರ್‌ಡ್ಯಾಮ್ ನಗರದಲ್ಲಿ ವೈದ್ಯರೊಬ್ಬರ ಮಗನಾಗಿ ಜನಿಸಿದರು. ಡೆಲ್ಫ್ಟ್, ಲೈಡನ್, ಬಾನ್, ಪ್ಯಾರಿಸ್ ನಗರಗಳಲ್ಲಿ ವ್ಯಾಸಂಗ ಮಾಡಿ, 1874ರಲ್ಲಿ ಯುಟ್ರೆಕ್ಟ್ ವಿಶ್ವವಿದ್ಯಾನಿಲಯದಿಂದ ಡಾಕ್ಟರ್ ಪದವಿಯನ್ನು ಪಡೆದರು.

ಆ ಕಾಲದಲ್ಲಿ ಪಂಡಿತರನ್ನು ಒಂದು ಒಗಟು ಬಾಧಿಸುತ್ತಿದ್ದಿತು. ಹುಳಿತ ಹಾಲಿನಿಂದ ದೊರೆಯುವ ಲ್ಯಾಕ್ಟಿಕ್ ಆಮ್ಲಕ್ಕೂ ಮಾಂಸದಿಂದ ದೊರೆಯುವ ಅದೇ ಆಮ್ಲಕ್ಕೂ ಪರಮಾಣುಗಳ ಲೆಕ್ಕದಲ್ಲಿ ಭೇದವಿಲ್ಲ. ಆದರೂ ಎರಡನೆಯದು ಧ್ರುವೀಕೃತ ಬೆಳಕನ್ನು ತಿರುಗಿಸುವುದು, ಮೊದಲನೆಯದು ತಿರುಗಿಸದು. ಹಾಳೆಯ ಮೇಲೆ ಬರೆದ ಸೂತ್ರದಲ್ಲಿ ಇದಕ್ಕೆ ಕಾರಣವು ಕಾಣಲಿಲ್ಲ. 22 ವರ್ಷದ ವಾಂಟ್ ಹಾಫರು 1874ರಲ್ಲಿ ಒಂದು ಕಿರುಹೊತ್ತಗೆಯನ್ನು ಪ್ರಕಟಿಸಿ, ಇಂಗಾಲದ ನಾಲ್ಕು ಬಂಧಗಳು ನಾಲ್ಕು ತ್ರಿಕೋನ ಮುಖಗಳುಳ್ಳ ಘನಾಕೃತಿಯ ಮೂಲೆಗಳ ಕಡೆಗೆ ಚಾಚಿರುವುವೆಂದು ಸಾರಿದರು. ನಾಲ್ಕು ಮೂಲೆಗಳಲ್ಲಿ ನಾಲ್ಕು ಬೇರೆ ಬೇರೆ ಗುಂಪುಗಳಿದ್ದರೆ, ಎಡಗೈ ಬಲಗೈಗಳಂತೆ ಒಂದರೊಡನೊಂದು ಹೊಂದದ ಎರಡು ರೂಪಗಳು ಉಂಟಾಗುವುವು. ಹುಳಿತ ಹಾಲಿನ ಆಮ್ಲದಲ್ಲಿ ಇವೆರಡೂ ಸಮವಾಗಿ ಬೆರೆತಿರುವುದರಿಂದ ಒಂದರ ಪರಿಣಾಮವನ್ನು ಇನ್ನೊಂದು ಅಳಿಸುವುದು. ಫ್ರಾನ್ಸಿನ ಲೆ ಬೆಲ್ ಎಂಬವರೂ ಅದೇ ವರ್ಷ ಸ್ವತಂತ್ರವಾಗಿ ಇಂತಹ ವಿಚಾರವನ್ನೇ ಮಂಡಿಸಿದರು.

ಕೇವಲ ಮಾತಿನಿಂದ ಇದನ್ನು ಮನಗಾಣಿಸುವುದು ಕಷ್ಟವೆಂದರಿತ ವಾಂಟ್ ಹಾಫರು ರಟ್ಟನ್ನು ಕತ್ತರಿಸಿ, ಮಡಿಸಿ, ಅಂಟಿಸಿ ಪುಟ್ಟ ಮಾದರಿಗಳನ್ನು ಮಾಡಿ ಯೂರೋಪಿನ ಹಿರಿಯ ಪಂಡಿತರಿಗೆ ಕಳುಹಿಸಿಕೊಟ್ಟರು. ಜರ್ಮನಿಯ ವಿಸ್ಲಿಸೇನಸರು ಇದನ್ನು ಆದರಿಸಿದರು. ಆದರೆ ಪ್ರಖ್ಯಾತರಾದ ಕೋಲ್ಬೆಯವರು 1877ರಲ್ಲಿ, ಪಶುವೈದ್ಯ ಶಾಲೆಯ ಉಪಾಧ್ಯಾಯನೊಬ್ಬನ ಹುಚ್ಚು ಕಲ್ಪನೆಯಿದೆಂದು ಬಹಿರಂಗವಾಗಿ ಹೀಯಾಳಿಸಿದರು. ವಾಂಟ್ ಹಾಫರು ಎದೆಗುಂದಲಿಲ್ಲ. 1878ರಲ್ಲಿ ಆಂಸ್ಟರ್‌ಡ್ಯಾಮಿನಲ್ಲಿ ಪ್ರಾಧ್ಯಾಪಕರಾದಾಗ, ಸುಮಾರು 200 ವಿಜ್ಞಾನಿಗಳ ಚರಿತ್ರೆಗಳನ್ನು ಪರಿಶೀಲಿಸಿ, ವಿಜ್ಞಾನಕ್ಕೆ ಕಲ್ಪನಾಶಕ್ತಿಯು ಅವಶ್ಯವೆಂಬುದನ್ನೇ ತಮ್ಮ ಪ್ರಥಮೋಪನ್ಯಾಸದ ವಿಷಯವನ್ನಾಗಿ ಮಾಡಿದರು. ಅವರಿಗೆ ನೋಬೆಲ್ ಗೌರವವು ಬಂದುದು ರಾಸಾಯನಿಕ ಕ್ರಿಯೆಗಳ ವೇಗವೇ ಮೊದಲಾದ ಬೇರೆ ಸಂಶೋಧನೆಗಳಿಗಾದರೂ, ಆ ರಟ್ಟಿನ ಅಣುಗಳ ಸತ್ಯವು ಲೋಕಮಾನ್ಯವಾಯಿತು. 1911ನೆಯ ಇಸವಿ ಮಾರ್ಚ್ 1ರಂದು ಅವರು ಪರಲೋಕಗತರಾದರು. ಅವರ ಕೆಲವು ಮಾದರಿಗಳು ಲೈಡನ್ನಿನ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಇವೆ.

ಅಂದು ಅಂಚೆಯು ಮಾಡಿದ ಕೆಲಸವನ್ನು ಇಂದು ಅಂತರಜಾಲವು ಮಾಡುತ್ತಿದೆ. 1971ರಲ್ಲಿ 7 ರಚನೆಗಳಿಂದ ಆರಂಭವಾದ ಪ್ರೋಟೀನ್ ಡೇಟಾ ಬ್ಯಾಂಕ್ ಎಂಬ ಭಂಡಾರದಲ್ಲಿ ಈಗ 2 ಲಕ್ಷಕ್ಕೂ ಮಿಕ್ಕಿದ ರಚನೆಗಳಿವೆ. ಹಳ್ಳಿಯ ಹುಡುಗಿಯೂ ಅವನ್ನು ಬಿಟ್ಟಿಯಾಗಿ ಪಡೆದು, ಪರದೆಯ ಮೇಲೆ ಎಲ್ಲ ಕಡೆಗೂ ತಿರುಗಿಸಿ ನೋಡಬಹುದು. ಔಷಧಿಯು ದೇಹದಲ್ಲಿ ಹೇಗೆ ನಾಟುವುದೆಂಬುದನ್ನು ಅರಿಯಲು ಇಂತಹ ರೂಪಜ್ಞಾನವೇ ಆಧಾರ.

ದೇವರು ಕೊಟ್ಟ ತಲಾಂತನ್ನು ನೆಲದಲ್ಲಿ ಹೂಣಿಡದೆ ಹಂಚಿಕೊಂಡ ಈ ಮಹನೀಯರ ಜೀವನವು ನಮ್ಮ ಬಾಲಿಕೆಯರಿಗೆ ಮೇಲ್ಪಂಕ್ತಿಯಾಗಲಿ. ಮಗಳು ಕಾಗದವನ್ನು ಕತ್ತರಿಸಿ ವಿಚಿತ್ರ ಆಕೃತಿಯೊಂದನ್ನು ತಂದು ತೋರಿಸಿದಾಗ, ನಗುವ ಮೊದಲು ಅದೇನೆಂದು ಕೇಳಬೇಕಾಗಿ ತಂದೆತಾಯಂದಿರನ್ನು ನಾವು ಬೇಡಿಕೊಳ್ಳುತ್ತೇವೆ.