ಎತ್ತಿನ ತೂಕ ಮತ್ತು ಗಾಲ್ಟನ್

ಫ್ರಾನ್ಸಿಸ್ ಗಾಲ್ಟನ್ ಹುಟ್ಟಿದ್ದು 1822ರಲ್ಲಿ, ಇಂಗ್ಲೆಂಡಿನಲ್ಲಿ. ನಾವು ಮ್ಯಾಥ್ಸ್‌ನಲ್ಲಿ ಓದೋ ಕೋರಿಲೇಶನ್ ಇವರ ಕೊಡುಗೆ. ಬುದ್ಧಿ ವಂಶದಿಂದಲೇ ಬರುತ್ತೆ ಅಂತ ನಂಬಿ, ಯೂಜೆನಿಕ್ಸ್ ಅನ್ನೋ ಅಪಾಯಕಾರಿ ವಾದ ಶುರು ಮಾಡಿದವರೂ ಇವರೇ. ಸಾಮಾನ್ಯ ಜನರ ಬುದ್ಧಿ ಮೇಲೆ ಅಷ್ಟೇನೂ ನಂಬಿಕೆ ಇರಲಿಲ್ಲ.

1906ರಲ್ಲಿ ಪ್ಲಿಮತ್‌ನ ಜಾನುವಾರು ಮೇಳದಲ್ಲಿ ಆರು ಪೆನ್ಸ್ ಕೊಟ್ಟು, ಒಂದು ಎತ್ತಿನ ಮಾಂಸ ಎಷ್ಟು ತೂಗುತ್ತೆ ಅಂತ ಊಹಿಸೋ ಸ್ಪರ್ಧೆ ನಡೀತು. ಗಾಲ್ಟನ್ 787 ಚೀಟಿಗಳನ್ನು ತರಿಸಿಕೊಂಡು ಲೆಕ್ಕ ಹಾಕಿದರು. ಮೀಡಿಯನ್ 1207 ಪೌಂಡ್. ನಿಜವಾದ ತೂಕ 1198! ಜನರ ತೀರ್ಪನ್ನು ಅಂದುಕೊಂಡದ್ದಕ್ಕಿಂತ ಹೆಚ್ಚು ನಂಬಬಹುದು ಅಂತ 1907ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಪ್ಪಿಕೊಂಡರು. 1911ರಲ್ಲಿ ತೀರಿಕೊಂಡರು.

1988ರಲ್ಲಿ ಅಮೆರಿಕದ ಅಯೋವಾ ಯೂನಿವರ್ಸಿಟಿ, ಯಾರಿಗೆ ಎಷ್ಟು ಓಟು ಅಂತ ಜನ ದುಡ್ಡು ಹಾಕಿ ಊಹಿಸೋ ಮಾರ್ಕೆಟ್ ಶುರು ಮಾಡಿತು. ಅಲ್ಲಿನ ಬೆಲೆಯೇ ಎಲ್ಲರ ಒಟ್ಟು ಅಂದಾಜು. ಅದೂ ಎತ್ತಿನ ಲೆಕ್ಕವೇ: ಒಬ್ಬೊಬ್ಬರು ತಪ್ಪಬಹುದು, ಎಲ್ಲರೂ ಸೇರಿದ್ರೆ ತಪ್ಪು ಕಮ್ಮಿ.