ಮೋಡ ಮರೆಮಾಡಿದ ಶುಕ್ರ

ಮಕ್ಕಳೇ, ಗ್ರಹಣ ನೋಡಲು ಕಾದು ನಿಂತಾಗ ಮೋಡ ಅಡ್ಡ ಬಂದು ನಿಮಗೆ ಬೇಸರವಾಗಿದೆಯೇ? ಹಾಗಾದರೆ ಲೆ ಜೆಂಟಿಲ್ ಅವರ ಕಥೆ ಕೇಳಿ.

ಗಿಯೋಮ್ ಲೆ ಜೆಂಟಿಲ್ ಹುಟ್ಟಿದ್ದು 1725ರಲ್ಲಿ, ಫ್ರಾನ್ಸ್ ದೇಶದಲ್ಲಿ. ಧರ್ಮಶಾಸ್ತ್ರ ಓದಲು ಪ್ಯಾರಿಸ್ಸಿಗೆ ಬಂದ ಅವರು ಖಗೋಳ ವಿಜ್ಞಾನದ ಉಪನ್ಯಾಸ ಕೇಳಿ ಆಕಾಶಕ್ಕೆ ಮನಸೋತರು.

ಶುಕ್ರ ಗ್ರಹವು ಅಪರೂಪಕ್ಕೊಮ್ಮೆ ಸೂರ್ಯನಿಗೂ ಭೂಮಿಗೂ ನಡುವೆ ನೇರವಾಗಿ ಬರುತ್ತದೆ. ಆಗ ಅದು ಸೂರ್ಯನ ಬಿಂಬದ ಮೇಲೆ ಕಪ್ಪು ಚುಕ್ಕೆಯಂತೆ ಸಾಗುತ್ತದೆ. ಇದೇ ಶುಕ್ರ ಸಂಕ್ರಮಣ. ಇದರ ವೇಳೆಯನ್ನು ಭೂಮಿಯ ಬೇರೆ ಬೇರೆ ಸ್ಥಳಗಳಿಂದ ಅಳೆದರೆ ಸೂರ್ಯ ಎಷ್ಟು ದೂರದಲ್ಲಿದ್ದಾನೆಂದು ಲೆಕ್ಕ ಹಾಕಬಹುದು.

ಈ ಅಳತೆಗಾಗಿ 1760ರಲ್ಲಿ ಲೆ ಜೆಂಟಿಲ್ ನಮ್ಮ ಪುದುಚೇರಿಗೆ ಹೊರಟರು. ಆಗ ಫ್ರೆಂಚರಿಗೂ ಬ್ರಿಟಿಷರಿಗೂ ಯುದ್ಧ ನಡೆದಿತ್ತು. ಹಡಗು ಮಲಬಾರ್ ತೀರ ತಲುಪಿದಾಗ ಪುದುಚೇರಿ ಬ್ರಿಟಿಷರ ವಶವಾದ ಸುದ್ದಿ ಬಂತು. ಹಡಗು ಹಿಂದಿರುಗಿತು. 1761ರ ಜೂನ್ 6ರಂದು ನಡುಸಮುದ್ರದಲ್ಲಿ ಆಕಾಶ ಶುಭ್ರವಾಗಿತ್ತು, ಶುಕ್ರನೂ ಕಂಡ. ಆದರೆ ಓಲಾಡುವ ಹಡಗಿನಲ್ಲಿ ಲೋಲಕದ ಗಡಿಯಾರ ಸರಿಯಾಗಿ ನಡೆಯುವುದೇ? ಅಳತೆ ಪ್ರಯೋಜನಕ್ಕೆ ಬರಲಿಲ್ಲ.

ಮುಂದಿನ ಸಂಕ್ರಮಣ 1769ಕ್ಕೆ. ಅದು ತಪ್ಪಿದರೆ ಮತ್ತೆ ನೂರಕ್ಕೂ ಹೆಚ್ಚು ವರ್ಷ ಕಾಯಬೇಕು! ಲೆ ಜೆಂಟಿಲ್ ಊರಿಗೆ ಮರಳಲಿಲ್ಲ. ಮಡಗಾಸ್ಕರ್ ತೀರದ ನಕ್ಷೆ ತಯಾರಿಸಿದರು. ಫಿಲಿಪೀನ್ಸ್‌ನ ಮನಿಲಾಕ್ಕೆ ಹೋಗಿ ಬಂದರು. 1768ರಲ್ಲಿ, ಮತ್ತೆ ಫ್ರೆಂಚರ ಕೈಸೇರಿದ್ದ ಪುದುಚೇರಿಯಲ್ಲಿ ವೀಕ್ಷಣಾಲಯ ಸಿದ್ಧಪಡಿಸಿದರು. ಮದರಾಸಿನ ಬ್ರಿಟಿಷರೇ ಅವರಿಗೆ ದೂರದರ್ಶಕ ಕಳಿಸಿಕೊಟ್ಟರು. ತಮಿಳರು ಗ್ರಹಣವನ್ನು ಲೆಕ್ಕ ಹಾಕುವ ಕ್ರಮವನ್ನೂ ಅವರು ಕಲಿತರು.

ಮೇ ತಿಂಗಳಿಡೀ ಮುಂಜಾನೆ ಆಕಾಶ ನಿರ್ಮಲವಾಗಿತ್ತು. ಜೂನ್ 4ರ ಬೆಳಗ್ಗೆ ಮಾತ್ರ ಗಾಳಿ ಎದ್ದು ಮೋಡ ಕವಿಯಿತು. ಸೂರ್ಯ ಕಾಣಿಸಲೇ ಇಲ್ಲ. ಸಂಕ್ರಮಣ ಮುಗಿದ ಮೇಲೆ ಮೋಡ ಸರಿದು ಬಿಸಿಲು ಬಂತು! ಅಂದು ಮನಿಲಾದಲ್ಲಿ ಆಕಾಶ ತಿಳಿಯಾಗಿತ್ತು. ಲೆ ಜೆಂಟಿಲ್ ಎರಡು ವಾರ ಲೇಖನಿ ಹಿಡಿಯಲಾರದಷ್ಟು ನೊಂದರು.

1771ರಲ್ಲಿ ಫ್ರಾನ್ಸಿಗೆ ಮರಳಿದಾಗ ಇನ್ನೊಂದು ಆಘಾತ ಕಾದಿತ್ತು. ಅವರು ಸತ್ತರೆಂದು ಬಗೆದು ಬಂಧುಗಳು ಆಸ್ತಿ ಹಂಚಿಕೊಳ್ಳಲು ಹೊರಟಿದ್ದರು! ವಿಜ್ಞಾನ ಅಕಾಡೆಮಿಯಲ್ಲಿ ಅವರ ಸ್ಥಾನವೂ ಬೇರೆಯವರ ಪಾಲಾಗಿತ್ತು. ಆದರೂ ಅವರು ಕುಗ್ಗಲಿಲ್ಲ. ಅಕಾಡೆಮಿಗೆ ಮರಳಿ ಸೇರಿದರು, ಮದುವೆಯಾದರು, ತಮ್ಮ ಪ್ರವಾಸವನ್ನು ಎರಡು ಸಂಪುಟಗಳಲ್ಲಿ ಬರೆದರು. 1792ರಲ್ಲಿ ತೀರಿಕೊಂಡರು.

ಹಾಗಾದರೆ ಸೂರ್ಯನ ದೂರ? ಮೋಡವಿಲ್ಲದ ಊರುಗಳಲ್ಲಿ ಹಲವರು ಸಂಕ್ರಮಣವನ್ನು ಅಳೆದಿದ್ದರು. ಅವರ ಅಳತೆಗಳನ್ನು ಕೂಡಿಸಿದಾಗ ಸುಮಾರು 15 ಕೋಟಿ ಕಿಲೋಮೀಟರ್ ಎಂಬ ಉತ್ತರ ದೊರೆಯಿತು. ಒಬ್ಬರಿಗೆ ಮೋಡ ಅಡ್ಡ ಬಂದರೂ ಇನ್ನೊಬ್ಬರಿಗೆ ಕಾಣಲಿ ಎಂದೇ ಅಷ್ಟು ಜನ ಅಷ್ಟು ಕಡೆ ಹೋಗಿದ್ದರು. ಲೆ ಜೆಂಟಿಲ್ ಅವರಲ್ಲಿ ಒಬ್ಬರು.

ನೆನಪಿಡಿ: ಸೂರ್ಯನನ್ನು ಎಂದೂ ಬರಿಗಣ್ಣಿನಿಂದ ನೋಡಬಾರದು.