ಗಿಟಾರ್ ನೆಕ್‌ಗೆ ಬೋಲ್ಟ್ ಹಾಕಿದರೆ ನಾದ ಕೆಡುತ್ತದೆಯೇ? ಸಿ.ವಿ. ರಾಮನ್ ಬದುಕಿನಲ್ಲಿ ಸಿಗುವ ಉತ್ತರ

ನೆಕ್‌ಗೆ ಬೋಲ್ಟ್ ಹಾಕಿ ಜೋಡಿಸಿದ ಎಲೆಕ್ಟ್ರಿಕ್ ಗಿಟಾರ್ ಕೊಳ್ಳಬೇಡಿ, ಅಂಟಿನಿಂದ ಕೂರಿಸಿದ್ದನ್ನೇ ಕೊಳ್ಳಿ, ಬೋಲ್ಟ್ ಇದ್ದಲ್ಲಿ ನಾದ ಸೋರಿಹೋಗುತ್ತದೆ ಎಂಬ ಮಾತು ಗಿಟಾರ್ ಕಲಿಯುವವರ ನಡುವೆ ಹಳೆಯದು. ವೀಣೆಯವರಲ್ಲೂ ಇದಕ್ಕೆ ಅಣ್ಣನಂಥ ಮಾತೊಂದಿದೆ: ಕೊಡ, ದಂಡಿ ಎಲ್ಲವನ್ನೂ ಒಂದೇ ಮರದಲ್ಲಿ ಕೊರೆದ ಏಕಾಂಡ ವೀಣೆಯ ನಾದವೇ ಬೇರೆ. ಎರಡೂ ಮಾತನ್ನು ನಂಬಿ ಜನ ಹೆಚ್ಚು ದುಡ್ಡು ಕೊಡುತ್ತಾರೆ.

ತಂತಿಯ ತುದಿಯಲ್ಲಿ ನಿಜಕ್ಕೂ ಏನಾಗುತ್ತದೆ ಎಂದು ನೂರು ವರ್ಷಗಳ ಹಿಂದೆಯೇ ಅಳೆದು ನೋಡಿದವರು ಸರ್ ಸಿ.ವಿ. ರಾಮನ್. ಪ್ರತಿ ಫೆಬ್ರವರಿ 28ರಂದು ನಮ್ಮ ಫೋನಿಗೆ ಬರುವ ರಾಮನ್ ಫಾರ್ವರ್ಡ್‌ಗಳಲ್ಲಿ ಸಮುದ್ರದ ನೀಲಿ, ನೊಬೆಲ್ ಇರುತ್ತವೆ. ಪಿಟೀಲು, ವೀಣೆ, ಮೃದಂಗ ಇರುವುದು ಅಪರೂಪ. ನಾವು ಆ ಕಡೆಯಿಂದ ನೋಡೋಣ.

ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ. ತಂದೆ ಕಾಲೇಜು ಉಪನ್ಯಾಸಕರು. ಸಂಗೀತದ ಭೌತವಿಜ್ಞಾನದ ಬಗ್ಗೆ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಬರೆದ ಪುಸ್ತಕವನ್ನು ಹುಡುಗ ಚಿಕ್ಕ ವಯಸ್ಸಿನಲ್ಲೇ ಓದಿದ್ದ. 1907ರಲ್ಲಿ ಎಂ.ಎ. ಮುಗಿಸಿದಾಗ ವಯಸ್ಸು ಹತ್ತೊಂಬತ್ತೂ ತುಂಬಿರಲಿಲ್ಲ. ಅದೇ ವರ್ಷ ವೀಣೆ ನುಡಿಸುತ್ತಿದ್ದ ಲೋಕಸುಂದರಿ ಅವರೊಂದಿಗೆ ಮದುವೆ, ಕಲ್ಕತ್ತೆಯಲ್ಲಿ ಸರ್ಕಾರದ ಹಣಕಾಸು ಇಲಾಖೆಯ ಕೆಲಸ. ಆಗ ಭಾರತದಲ್ಲಿ ವಿಜ್ಞಾನವನ್ನೇ ನಂಬಿ ಬದುಕುವುದು ಕಷ್ಟವಿತ್ತು. ಹಗಲು ಲೆಕ್ಕಪತ್ರ, ಬೆಳಗ್ಗೆ ಮತ್ತು ಸಂಜೆ ಬೌಬಜಾರ್ ಬೀದಿಯ ವಿಜ್ಞಾನ ಸಂಘದ ಪ್ರಯೋಗಾಲಯ. ಹೀಗೆ ಹತ್ತು ವರ್ಷ.

ಆ ಪ್ರಯೋಗಾಲಯದಲ್ಲಿ ದುಬಾರಿ ಯಂತ್ರಗಳಿರಲಿಲ್ಲ. ತಂತಿ, ಪಿಟೀಲಿಗೆ ದೊಡ್ಡ ಖರ್ಚಿಲ್ಲ. ರಾಮನ್ ಪಿಟೀಲನ್ನು ನುಡಿಸುವ ಯಂತ್ರವನ್ನೇ ಮಾಡಿಕೊಂಡರು. ತಮಾಷೆಯೆಂದರೆ ಅದರಲ್ಲಿ ಕಮಾನು ಅಲುಗುತ್ತಿರಲಿಲ್ಲ, ಪಿಟೀಲೇ ಹಿಂದೆ ಮುಂದೆ ಓಡುತ್ತಿತ್ತು. ಕೈಯಿಂದ ನುಡಿಸಿದರೆ ಒತ್ತಡ, ವೇಗ ಪ್ರತಿಸಲ ಬದಲಾಗುತ್ತದೆ. ಯಂತ್ರವಾದರೆ ಒಂದನ್ನು ಹಾಗೇ ಇಟ್ಟು ಇನ್ನೊಂದನ್ನು ಬದಲಿಸಿ ಅಳೆಯಬಹುದು.

1916ರಲ್ಲಿ ಅವರು ಚೆಲ್ಲೊ, ಪಿಟೀಲುಗಳ ಒಂದು ಹಳೆಯ ರೋಗದ ಬಗ್ಗೆ ಬರೆದರು. ಕೆಲವು ವಾದ್ಯಗಳಲ್ಲಿ ಒಂದು ನಿರ್ದಿಷ್ಟ ಸ್ವರ ಮಾತ್ರ ನೆಟ್ಟಗೆ ಬರದೆ ನಡುಗುತ್ತದೆ, ತೋಳ ಊಳಿಟ್ಟ ಹಾಗೆ. ಹೆಸರೂ ಅದೇ, ವುಲ್ಫ್ ನೋಟ್. ವಾದ್ಯದ ಒಡಲಿಗೆ ತನ್ನದೇ ಆದ ಕಂಪನದ ವೇಗವಿರುತ್ತದೆ. ನುಡಿಸಿದ ಸ್ವರ ಅದಕ್ಕೆ ಹೊಂದಿಕೊಂಡಾಗ ತಂತಿಯನ್ನು ಹೊತ್ತ ಕುದುರೆ ಜೋರಾಗಿ ಅಲುಗಿ, ತಂತಿಯ ಶಕ್ತಿಯನ್ನು ಎಳೆದುಕೊಳ್ಳುತ್ತದೆ. ತಂತಿಯ ತುದಿ ಎಷ್ಟು ಅಲುಗುತ್ತದೆ, ಯಾವ ಸ್ವರಕ್ಕೆ ಅಲುಗುತ್ತದೆ, ಅದರ ಮೇಲೆ ಎಲ್ಲ ನಿಂತಿದೆ.

ಇದನ್ನು ಗಿಟಾರಿಗೆ ತನ್ನಿ. ಎಲೆಕ್ಟ್ರಿಕ್ ಗಿಟಾರಿನ ಉದ್ದನೆಯ ನೆಕ್ ಕೂಡ ತನ್ನದೇ ವೇಗದಲ್ಲಿ ಕಂಪಿಸುತ್ತದೆ. ಕೆಲವು ಮನೆಗಳಲ್ಲಿ ಒತ್ತಿದರೆ ಸ್ವರ ಬೇಗ ಸತ್ತುಹೋಗುತ್ತದೆ. ಆ ಸ್ವರಕ್ಕೆ ನೆಕ್ ಅಲುಗಿ ಶಕ್ತಿ ಹೀರುವುದೇ ಕಾರಣ ಎಂದು ಜರ್ಮನಿಯಲ್ಲಿ ಅಳೆದು ತೋರಿಸಿದ್ದಾರೆ. ಅಂಟು ಹಾಕಿದರೂ ನೆಕ್ ಅಲುಗುತ್ತದೆ, ಬೋಲ್ಟ್ ಹಾಕಿದರೂ ಅಲುಗುತ್ತದೆ. ಅಮೆರಿಕದ ವಾದ್ಯ ತಯಾರಕ ಆರ್.ಎಂ. ಮೊಟ್ಟೋಲಾ ಬೇರೆ ಬೇರೆ ಜೋಡಣೆಗಳಲ್ಲಿ ಸ್ವರ ಎಷ್ಟು ಹೊತ್ತು ಉಳಿಯುತ್ತದೆ ಎಂದು ಹೋಲಿಸಿದಾಗ ಬೋಲ್ಟ್ ಜೋಡಣೆ ಹಿಂದೆ ಬೀಳಲಿಲ್ಲ. ಸಿಕ್ಕ ಅಲ್ಪ ವ್ಯತ್ಯಾಸವೂ ಕೇಳುಗರ ಕಿವಿಗೆ ಗೊತ್ತಾಗಲಿಲ್ಲ. ಅಂದಹಾಗೆ, ಬೋಲ್ಟ್ ಎಂದು ಕರೆಯುವ ಇವು ಹೆಚ್ಚಿನ ಗಿಟಾರ್‌ಗಳಲ್ಲಿ ಮರಕ್ಕೆ ಹಾಕುವ ನಾಲ್ಕು ಸ್ಕ್ರೂಗಳು. ಅವು ಸಡಿಲವಾಗಿದ್ದರೆ, ಅಥವಾ ನೆಕ್ ಸಂದಿಯಲ್ಲಿ ಸರಿಯಾಗಿ ಕೂರದಿದ್ದರೆ ಶ್ರುತಿ ನಿಲ್ಲದು. ಆ ದೂರು ನಿಜವಾದದ್ದೇ, ಆದರೆ ಸ್ಕ್ರೂಡ್ರೈವರ್ ಕೈಯಲ್ಲಿದ್ದರೆ ಸರಿಪಡಿಸಬಹುದಾದದ್ದು.

1917ರಲ್ಲಿ ರಾಮನ್ ಭದ್ರವಾದ ಸರ್ಕಾರಿ ಹುದ್ದೆ ಬಿಟ್ಟು, ಅದಕ್ಕಿಂತ ಕಡಿಮೆ ಸಂಬಳಕ್ಕೆ ಕಲ್ಕತ್ತಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ಮನೆಯವರಿಗೆ ಇದು ಸಣ್ಣ ತೀರ್ಮಾನವಲ್ಲ. 1921ರಲ್ಲಿ ಅವರ ಗಮನ ವೀಣೆ, ತಂಬೂರಿಯ ಕುದುರೆಯ ಮೇಲೆ ಬಿತ್ತು. ತಂತಿಯನ್ನು ಸರಿಯಾಗಿ ನಡುವೆ ಮೀಟಿದರೆ ಕೆಲವು ಮೇಲ್ಸ್ವರಗಳು ಹುಟ್ಟಲೇಬಾರದು, ಇದು ಯುರೋಪಿನ ವಿಜ್ಞಾನಿಗಳು ಒಪ್ಪಿದ್ದ ನಿಯಮ. ನಮ್ಮ ವೀಣೆ, ತಂಬೂರಿಗಳಲ್ಲಿ ಅವು ಸ್ಪಷ್ಟವಾಗಿ ಕೇಳುತ್ತವೆ! ಪಿಟೀಲಿನ ಕುದುರೆಗೆ ಚೂಪಾದ ಅಂಚು, ವೀಣೆಯ ಕುದುರೆಯ ಮೇಲಿನ ಲೋಹದ ತಟ್ಟೆಗೆ ಸಣ್ಣ ಬಾಗು. ತಂತಿ ಕಂಪಿಸುವಾಗ ಆ ಬಾಗಿಗೆ ತಾಗುತ್ತ ಬಿಡುತ್ತ ಹೋಗುತ್ತದೆ, ಇಲ್ಲದಿರಬೇಕಾದ ಮೇಲ್ಸ್ವರಗಳು ಅಲ್ಲಿ ಹುಟ್ಟುತ್ತವೆ. ತಂಬೂರಿಯಲ್ಲಿ ಇದೇ ಕೆಲಸಕ್ಕೆ ಜೀವಾಳದ ನೂಲು ಬೇಕು, ವೀಣೆಗೆ ಬೇಡ. ಏಕಾಂಡ ವೀಣೆ ಚೆಂದ ಇರಬಹುದು, ನಾವು ಅಲ್ಲಗಳೆಯುವುದಿಲ್ಲ. ಆದರೆ ಕೊಳ್ಳುವಾಗ ಮೊದಲು ನೋಡಬೇಕಾದದ್ದು ಕುದುರೆಯ ತಟ್ಟೆ ಸವೆದಿದೆಯೇ ಎಂಬುದನ್ನು.

ಅದೇ 1921ರಲ್ಲಿ ಹಡಗಿನ ಪ್ರಯಾಣ, ಸಮುದ್ರದ ನೀಲಿ. 1928ರಲ್ಲಿ ರಾಮನ್ ಪರಿಣಾಮ, 1930ರಲ್ಲಿ ನೊಬೆಲ್. ಇದು ಎಲ್ಲರಿಗೂ ಗೊತ್ತಿರುವ ಭಾಗ.

1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು. ನಮ್ಮ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಹತ್ತಿರ ಕುದಾಪುರದಲ್ಲಿ ಈಗ ಕ್ಯಾಂಪಸ್ ಇರುವುದು ಇದೇ ಸಂಸ್ಥೆಯದು. ನೊಬೆಲ್ ಬಂದ ಮೇಲೂ ವಾದ್ಯಗಳನ್ನು ಬಿಡಲಿಲ್ಲ. ಮೃದಂಗದ ಬಲಗಡೆಯ ಕಪ್ಪು ಕರಣೆ ತೊಗಲಿನ ಭಾರ ಹೊಂದಿಸಿ, ಬರೀ ಸದ್ದಾಗಬೇಕಿದ್ದುದನ್ನು ಸ್ವರವಾಗಿಸುತ್ತದೆ ಎಂದು ಬೆಂಗಳೂರಿನಿಂದ ವಿವರವಾಗಿ ಬರೆದರು. ಮೈಸೂರು ಮಹಾರಾಜರು ಕೊಟ್ಟ ಜಾಗದಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆ ಕಟ್ಟಿ, ಕೊನೆಯವರೆಗೂ ಅಲ್ಲೇ ದುಡಿದರು.

1970ರ ನವೆಂಬರ್ 21ರಂದು ತೀರಿಕೊಂಡರು. ಅಂತ್ಯಕ್ರಿಯೆ ನಡೆದದ್ದು ಅದೇ ಸಂಸ್ಥೆಯ ತೋಟದಲ್ಲಿ. ಆ ಜಾಗದಲ್ಲಿ ಈಗ ಒಂದು ಮರವಿದೆ.